ನಾಲ್ಕು ಚಮಚ, ಮೂರು ಅಕ್ಷರ: ವಿರಾಜಪೇಟೆ ಹತ್ತಿರದ ಹೀಬ್ರೂ ಪದದ ತರಗತಿ ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ, ಖಂಡಿತ ಹೋಗಿ ಬನ್ನಿ. ಒಂದು ದಿನದ ತರಗತಿ. 400 ರೂಪಾಯಿ, ಮಧ್ಯಾಹ್ನದ ಊಟ ಅದರಲ್ಲೇ ಸೇರಿದೆ. ಬೆಳಗ್ಗೆಯಿಂದ ಸಂಜೆವರೆಗೆ ಬೈಬಲಿನ ಒಂದೇ ಒಂದು ಹೀಬ್ರೂ ಪದ. ನಾನು ಹೋದ ಶನಿವಾರದ ಪದ ‘ದೆವಶ್’, ಅಂದರೆ ಜೇನುತುಪ್ಪ.

ನಡೆಯುವುದು ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ, ಕಾಫಿ ತೋಟದೊಳಗಿನ ಒಂದು ಹಳೇ ಮನೆಯ ಜಗಲಿಯಲ್ಲಿ. ಕಲಿಸುವವರು ನಿವೃತ್ತಿಯಾದ ಒಬ್ಬ ಟೀಚರ್. ಬೆಂಗಳೂರಿನಲ್ಲಿ ದೇವಶಾಸ್ತ್ರ ಓದುವಾಗ ಹೀಬ್ರೂ ಕಲಿತವರು. ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಹಾಗಾಗಿ ನಾನೂ ಹಾಕುತ್ತಿಲ್ಲ. ವಿರಾಜಪೇಟೆ, ಸಿದ್ದಾಪುರದ ಚರ್ಚ್‌ಗಳಲ್ಲಿ ‘ಪದದ ಟೀಚರ್’ ಎಂದು ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ನಾನು ಯಾಕೆ ಹೋದೆ ಎಂದು ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಜೇನು ಪೆಟ್ಟಿಗೆ ಇದೆ. ಒಂದು ಕಾಲದಲ್ಲಿ 40 ಪೆಟ್ಟಿಗೆ ಇತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂತಲ್ಲ, ಆಗ ಕೊಡಗಿನ ಎಷ್ಟೋ ಮನೆಗಳಲ್ಲಿ ಆದಂತೆ ನಮ್ಮಲ್ಲೂ ಪೆಟ್ಟಿಗೆಗಳು ಖಾಲಿಯಾದವು. ಅಪ್ಪ ಆಮೇಲೆ ನಾಲ್ಕೇ ನಾಲ್ಕು ಜೇನು ಕುಟುಂಬ ಉಳಿಸಿಕೊಂಡರು. ಈಗ ನನ್ನ ಹತ್ತಿರ ಒಂಬತ್ತು ಇವೆ. ದೇವರು ಇಸ್ರಾಯೇಲರಿಗೆ ಕೊಡುತ್ತೇನೆಂದ ನಾಡನ್ನು ಬೈಬಲು ಕರೆಯುವ ‘ಹಾಲೂ ಜೇನೂ ಹರಿಯುವ ದೇಶ’ ಎನ್ನುವ ಮಾತನ್ನು ಪ್ರತಿ ಭಾನುವಾರ ಚರ್ಚ್‌ನಲ್ಲಿ ಕೇಳಿಕೊಂಡೇ ಬೆಳೆದವಳು ನಾನು. ಜೇನು ಸಾಕಿದ ಯಾರಿಗಾದರೂ ಗೊತ್ತು, ಜೇನು ಹರಿಯಲ್ಲ. ಈ ‘ಹರಿಯುವ’ ಎನ್ನುವ ಮಾತು ಚಿಕ್ಕಂದಿನಿಂದ ನನ್ನ ಮನಸ್ಸಿನಲ್ಲಿ ಕುಟುಕುತ್ತಲೇ ಇತ್ತು.

ಹೋದ ವರ್ಷ ಇದೇ ಆಸೆಯಿಂದ ಒಂದು ಆನ್‌ಲೈನ್ ಕೋರ್ಸ್‌ಗೆ 3,500 ರೂಪಾಯಿ ಕಟ್ಟಿದ್ದೆ. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ‘ರಹಸ್ಯ’, ಪ್ರತಿ ಪದಕ್ಕೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಯಿಂದ ಒಂದು ಭವಿಷ್ಯ. ವಚನ ಎಲ್ಲಿದೆ, ಅದರ ಹಿಂದೆ ಮುಂದೆ ಏನಿದೆ ಎಂದು ಒಂದು ಸಲವೂ ತೆರೆದು ತೋರಿಸಲಿಲ್ಲ. ಎರಡು ವಾರಕ್ಕೆ ಬಿಟ್ಟೆ. ದುಡ್ಡು ವಾಪಸ್ ಕೇಳಿದರೆ ಉತ್ತರವೇ ಇಲ್ಲ. ಹಾಗಾಗಿ ಈ ತರಗತಿಗೂ ಅನುಮಾನದಿಂದಲೇ ಹೋದೆ.

ಹೋಗಿ ಕೂತ ತಕ್ಷಣ ನಮ್ಮ ಮುಂದೆ ನಾಲ್ಕು ಸಣ್ಣ ಬಟ್ಟಲು ಬಂದವು. ಪುಸ್ತಕವೂ ಇಲ್ಲ, ಪೆನ್ನೂ ಇಲ್ಲ. “ಮೊದಲು ರುಚಿ ನೋಡಿ. ಇದರಲ್ಲಿ ಬೈಬಲಿನ ದೆವಶ್ ಯಾವುದು ಹೇಳಿ” ಎಂದರು ಟೀಚರ್. ಮೊದಲನೇದು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು, ಕಾಫಿ ಹೂವಿನದು. ನಾಲಿಗೆಗೆ ಇಟ್ಟ ಕೂಡಲೇ ಗೊತ್ತಾಯಿತು, ಏಪ್ರಿಲ್ ಕೊನೆಯಲ್ಲಿ ತೆಗೆದದ್ದು. ಎರಡನೇದು ಹೆಜ್ಜೇನು, ತಿತಿಮತಿ ಕಡೆಯ ಬುಡಕಟ್ಟಿನವರ ಹಾಡಿಯೊಂದರಿಂದ ಬಂದಿದ್ದ ಹಿರಿಯರೊಬ್ಬರು ತಂದದ್ದು. ಮೂರನೇದು ಕುಟುಕದ ಸಣ್ಣ ಹುಳದ ಮಿಸರಿ ಜೇನು, ನೀರಾಗಿ, ಹುಳಿ ಹುಳಿಯಾಗಿ. ನಾಲ್ಕನೇದು ಕಪ್ಪಗೆ, ಮಂದವಾಗಿ, ಬೆಲ್ಲದ ಪಾಕದ ಹಾಗೆ. ಅದು ಜೇನೇ ಅಲ್ಲ, ಖರ್ಜೂರದ ಪಾಕ. ನಾವು ಹನ್ನೊಂದು ಜನ ಇದ್ದೆವು. ಬಹಳಷ್ಟು ಜನ ಹೆಜ್ಜೇನು ಎಂದರು. ನಾನು ತುಡುವೆ ಎಂದೆ. ಖರ್ಜೂರ ಎಂದು ಒಬ್ಬರೂ ಹೇಳಲಿಲ್ಲ.

ಉತ್ತರ ಏನೆಂದರೆ, ದೆವಶ್ ಅಂದರೆ ಎರಡೂ. ಹುಳ ಮಾಡಿದ ಜೇನಿಗೂ ಅದೇ ಪದ, ಹಣ್ಣನ್ನು ಕುದಿಸಿ ಇಳಿಸಿದ ಸಿಹಿಗೂ ಅದೇ ಪದ. ಅರಬ್ಬಿಯಲ್ಲಿ ಇದರ ತಂಗಿಯಂಥ ಪದ ‘ದಿಬ್ಸ್’ ಇವತ್ತಿಗೂ ಖರ್ಜೂರ, ದ್ರಾಕ್ಷಿಯ ಪಾಕಕ್ಕೇ ಬಳಕೆಯಲ್ಲಿದೆ. ಬೈಬಲಿನ ಧರ್ಮೋಪದೇಶಕಾಂಡದ 8ನೇ ಅಧ್ಯಾಯದಲ್ಲಿ ಆ ನಾಡಿನ ಏಳು ಬೆಳೆಗಳ ಪಟ್ಟಿ ಬರುತ್ತದೆ: ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆ ಕೊಡುವ ಆಲಿವ್, ಕೊನೆಗೆ ದೆವಶ್. ಎಲ್ಲವೂ ನೆಲದಲ್ಲಿ ಬೆಳೆಯುವಂಥದ್ದು, ಮಧ್ಯದಲ್ಲಿ ಹುಳದ ಜೇನು ಹೇಗೆ ಬಂತು? ಅದಕ್ಕೇ ಯೆಹೂದಿ ಗುರುಗಳು ಅಲ್ಲಿ ಅದನ್ನು ಖರ್ಜೂರದ ಸಿಹಿ ಎಂದೇ ಓದುತ್ತಾರೆ. ಆದಿಕಾಂಡ 43ರಲ್ಲಿ ಈ ಪದ ಮೊದಲ ಸಲ ಬರುತ್ತದೆ. ಬರಗಾಲದಲ್ಲಿ ಯಾಕೋಬ ತನ್ನ ಮಕ್ಕಳ ಕೈಯಲ್ಲಿ ಐಗುಪ್ತದ, ಅಂದರೆ ಈಜಿಪ್ಟಿನ ಅಧಿಕಾರಿಗೆ ಕಾಣಿಕೆ ಕಳಿಸುತ್ತಾನಲ್ಲ, ಅದರಲ್ಲಿ ‘ಸ್ವಲ್ಪ ದೆವಶ್’ ಇದೆ. ಮನೆಯಲ್ಲಿ ಊಟಕ್ಕೆ ಧಾನ್ಯವಿಲ್ಲ, ಆದರೂ ಡಬ್ಬಿಯ ತಳದಲ್ಲಿ ಒಂಚೂರು ಸಿಹಿ ಉಳಿಸಿಕೊಂಡಿದ್ದಾರೆ. ಆ ‘ಸ್ವಲ್ಪ’ ಎನ್ನುವ ಮಾತು ನನಗೆ ತುಂಬಾ ಹಿಡಿಸಿತು. ಅಪ್ಪ ಪೆಟ್ಟಿಗೆ ಖಾಲಿಯಾದ ವರ್ಷವೂ ನೆಂಟರಿಗೆ ಕೊಡಲು ಅರ್ಧ ಬಾಟಲಿ ಎತ್ತಿಟ್ಟಿದ್ದರು.

ಆಮೇಲೆ ನನ್ನ ಹಳೇ ಪ್ರಶ್ನೆ ಬಂತು. ನಾನು ಕೈ ಎತ್ತುವ ಮೊದಲೇ ಟೀಚರ್ ಬೋರ್ಡಿನ ಮೇಲೆ ‘ಜಾವತ್ ಹಲಾವ್ ಉದ್ವಶ್’ ಎಂದು ಬರೆದರು. ಹಲಾವ್ ಅಂದರೆ ಹಾಲು. ಜಾವತ್ ಎನ್ನುವುದನ್ನೇ ನಾವು ‘ಹರಿಯುವ’ ಎಂದು ಓದುತ್ತಿರುವುದು. ಆದರೆ ಅದು ಹೊಳೆ ಹರಿಯುವ ಹಾಗೆ ಹರಿಯುವುದಲ್ಲ. ಒಳಗೆ ತುಂಬಿ, ತಡೆಯಲಾರದೆ ಹೊರಗೆ ಬರುವುದು. ಒಸರುವುದು, ಜಿನುಗುವುದು. ಯಾಜಕಕಾಂಡದಲ್ಲಿ ಮೈಯಿಂದ ಸ್ರಾವ ಆಗುವುದಕ್ಕೂ ಇದೇ ಕ್ರಿಯಾಪದ ಬಳಸಿದ್ದಾರೆ. ನನಗೆ ಆ ಕ್ಷಣ ಕಣ್ಣಿಗೆ ಕಟ್ಟಿದ್ದು ಮುಚ್ಚಳ ಕೊಯ್ದ ಎರಿ. ಚಾಕುವಿನಿಂದ ಮೇಣದ ಪದರ ತೆಗೆದು ಚೌಕಟ್ಟನ್ನು ಎತ್ತಿ ಹಿಡಿದರೆ ಜೇನು ಒಂದೊಂದು ಕಣ್ಣಿನಿಂದಲೂ ನಿಧಾನವಾಗಿ ಹೊರಗೆ ಬಂದು, ಒಂದನ್ನೊಂದು ಕೂಡಿಕೊಂಡು, ಅಂಚಿನಲ್ಲಿ ತೂಗಿ, ಯೋಚನೆ ಮಾಡಿದ ಹಾಗೆ ನಿಂತು, ಆಮೇಲೆ ಬೀಳುತ್ತದೆ ಅಲ್ವಾ, ಅದು ಜಾವತ್. ಹಾಲೂ ಹಾಗೇ. ಮೇದು ಬಂದ ಆಡಿನ ಕೆಚ್ಚಲು ತುಂಬಿ ಕರೆಯುವ ಮೊದಲೇ ತೊಟ್ಟಿಕ್ಕುವ ಹಾಲು.

ನಲವತ್ತು ವರ್ಷದಿಂದ ಕೇಳಿದ ಒಂದು ವಾಕ್ಯ ಹೀಗೆ ಐದು ನಿಮಿಷದಲ್ಲಿ ತಿರುಗಿ ನಿಂತಿತು. ಕೊಟ್ಟ ದುಡ್ಡು ಇಲ್ಲಿಗೇ ತೀರಿತು ಎಂದುಕೊಂಡೆ.

ಟೀಚರ್ ಇನ್ನೂ ಒಂದು ಮಾತು ಸೇರಿಸಿದರು. ಹಾಲು, ಜೇನು ಎರಡೂ ಉತ್ತು ಬಿತ್ತಿ ಬೆಳೆಯುವಂಥದ್ದಲ್ಲ. ಹಾಲಿಗೆ ಮೇವು ಬೇಕು. ಜೇನಿಗೆ ಹೂವು ಬೇಕು. ಎರಡಕ್ಕೂ ಮಳೆ ಬೇಕು. ಐಗುಪ್ತದಲ್ಲಿ ನೈಲ್ ನದಿಯ ನೀರು ಹಾಯಿಸಿ ಬೆಳೆ ತೆಗೆಯುತ್ತಿದ್ದರು. ನೀವು ಹೋಗುವ ನಾಡು ಹಾಗಲ್ಲ, ಅದು ಆಕಾಶದ ಮಳೆಯನ್ನು ಕುಡಿಯುವ ನಾಡು ಎಂದು ಧರ್ಮೋಪದೇಶಕಾಂಡದ 11ನೇ ಅಧ್ಯಾಯ ಬಿಡಿಸಿ ಹೇಳುತ್ತದೆ. ಅಂದರೆ ಈ ಮಾತು ಬರೀ ಸಮೃದ್ಧಿಯ ಹೊಗಳಿಕೆ ಅಲ್ಲ. ಮಳೆ ಬಂದರೆ ಉಂಟು, ಬರದಿದ್ದರೆ ಇಲ್ಲ ಎನ್ನುವ ಬದುಕಿನ ಮಾತು. ಇದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸುವ ಅಗತ್ಯವೇ ಇಲ್ಲ. ಮಾರ್ಚ್‌ನಲ್ಲಿ ಹೂ ಮಳೆ ಬಂದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಪೆಟ್ಟಿಗೆ ಭಾರ ಆಗುತ್ತದೆ. ಮಳೆ ತಪ್ಪಿದರೆ ಕಾಫಿಯೂ ಇಲ್ಲ, ಜೇನೂ ಇಲ್ಲ.

ಅರಣ್ಯಕಾಂಡ 16ರ ಒಂದು ವಚನ ನನಗೆ ಹೊಸದು. ದಾತಾನ್, ಅಬೀರಾಮ್ ಎನ್ನುವವರು ತಮ್ಮನ್ನು ಐಗುಪ್ತದಿಂದ ಬಿಡಿಸಿ ತಂದ ಮೋಶೆಯ ಮೇಲೆ ಸಿಟ್ಟಾಗಿ ಐಗುಪ್ತವನ್ನೇ ‘ಹಾಲೂ ಜೇನೂ’ ಇರುವ ದೇಶ ಎಂದು ಕರೆಯುತ್ತಾರೆ. ಗುಲಾಮರಾಗಿದ್ದ ಊರನ್ನು! ಇಷ್ಟು ವರ್ಷ ಓದಿಯೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಜೇನುಹುಳಕ್ಕೆ ಹೀಬ್ರೂವಿನಲ್ಲಿ ‘ದೆವೋರಾ’. ನಮ್ಮ ಕನ್ನಡ ಬೈಬಲಿನ ದೆಬೋರ, ಖರ್ಜೂರದ ಮರದ ಕೆಳಗೆ ಕೂತು ನ್ಯಾಯ ಹೇಳುತ್ತಿದ್ದ ಆ ಹೆಂಗಸು, ಅವಳ ಹೆಸರಿನ ಅರ್ಥವೇ ಜೇನುಹುಳ. ಕನ್ನಡದಲ್ಲಿ ನಾವು ಹುಳಕ್ಕೂ ಜೇನು, ತುಪ್ಪಕ್ಕೂ ಜೇನು ಎಂದುಬಿಡುತ್ತೇವೆ. ‘ಜೇನು ಕಚ್ಚಿತು’, ‘ಜೇನು ತಿಂದೆ’, ಎರಡೂ ಸರಿ. ಹೀಬ್ರೂವಿನಲ್ಲಿ ಹುಳ ಬೇರೆ, ತುಪ್ಪ ಬೇರೆ, ಎರಿಯಿಂದ ತಾನಾಗಿ ಸೋರುವ ಜೇನಿಗೆ ‘ನೋಫೆತ್’ ಎಂದು ಇನ್ನೂ ಒಂದು ಪದ. ಬೈಬಲಿನಲ್ಲಿ ದೆವಶ್ ಐವತ್ತಕ್ಕೂ ಹೆಚ್ಚು ಸಲ ಬರುತ್ತದೆ. ಹುಳ ಬರುವುದು ನಾಲ್ಕೇ ಸಲ. ಆ ನಾಲ್ಕರಲ್ಲಿ ಮೂರು ಕಡೆ ಅದು ಮುತ್ತಿಕೊಂಡು ಕುಟುಕುವ ಶತ್ರು.

ನಾಲ್ಕನೇದು ಸಂಸೋನನ ಕಥೆ. ಇಲ್ಲಿ ನಾನು ಸುಮ್ನೆ ಕೂರಲಾಗಲಿಲ್ಲ. ಸಂಸೋನ ಸಿಂಹವನ್ನು ಕೊಂದು, ಸ್ವಲ್ಪ ದಿನ ಬಿಟ್ಟು ಬಂದು ನೋಡಿದರೆ ಸತ್ತ ಸಿಂಹದ ಮೈಯೊಳಗೆ ಜೇನು ಕೂತಿತ್ತು ಎಂದಿದೆ. “ಟೀಚರ್, ಕೊಳೆತ ವಾಸನೆ ಇರುವ ಕಡೆ ಜೇನು ಕೂರಲ್ಲ. ನಾನು ಪೆಟ್ಟಿಗೆ ಹತ್ತಿರ ಸತ್ತ ಇಲಿ ಇದ್ದರೂ ತೆಗೆದು ದೂರ ಹಾಕ್ತೇನೆ” ಎಂದೆ. ಅವರು ನಗುತ್ತಾ, “ಸರಿಯಾದ ಪ್ರಶ್ನೆ ಮಾ, ಈಗ ಪದ ನೋಡು” ಎಂದರು. ಅಲ್ಲಿ ಇರುವುದು ‘ಮಿಯ್ಯಾಮೀಮ್’, ಅಕ್ಷರಶಃ ‘ದಿನಗಳಾದ ಮೇಲೆ’. ‘ಯಾಮೀಮ್’ ಎನ್ನುವುದು ಕೆಲವು ಕಡೆ ಒಂದು ವರ್ಷದಷ್ಟು ಕಾಲಕ್ಕೂ ಬಳಕೆಯಾಗುತ್ತದೆ. ಮಾಂಸವೆಲ್ಲ ಹೋಗಿ, ಬಿಸಿಲಿಗೆ ಒಣಗಿ, ಎಲುಬಿನ ಗೂಡು ಮತ್ತು ಚರ್ಮ ಉಳಿದಿದ್ದರೆ? ಒಣಗಿದ ಟೊಳ್ಳು. ಆಗ ಹುಳ ಬಂದೀತು. ಹಾಡಿಯ ಹಿರಿಯರೂ ತಲೆ ಆಡಿಸಿ, “ಒಣಗಿದ್ರೆ ಕೂರ್ತದೆ” ಎಂದರು. ಅವರು ಹೇಳಿದ ಮೇಲೆ ನನಗೂ ಒಪ್ಪಿಗೆಯಾಯಿತು.

ಆದರೆ ಅಲ್ಲಿ ಇನ್ನೂ ದೊಡ್ಡ ಸಂಗತಿ ಇದೆ. ‘ಜೇನಿನ ಹಿಂಡು’ ಎನ್ನುವುದಕ್ಕೆ ಮೂಲದಲ್ಲಿರುವುದು ‘ಅದತ್ ದೆವೋರೀಮ್’. ‘ಏದಾ’ ಎಂದರೆ ಸಭೆ. ಇಸ್ರಾಯೇಲರ ಇಡೀ ಸಮೂಹ ಸೇರಿದಾಗ ಬಳಸುವ ಪದ. ಹುಳಗಳಿಗೆ ಹಿಂಡು ಅನ್ನಲಿಲ್ಲ, ಗುಂಪು ಅನ್ನಲಿಲ್ಲ, ಸಭೆ ಅಂದರು. ನಮ್ಮ ಕನ್ನಡ ಕ್ರೈಸ್ತರ ಬಾಯಲ್ಲಿ ‘ಸಭೆ’ ಅಂದರೆ ಚರ್ಚು. ಅಪ್ಪ ಪೆಟ್ಟಿಗೆಯನ್ನು ಯಾವಾಗಲೂ ‘ಕುಟುಂಬ’ ಎಂದೇ ಎಣಿಸುತ್ತಿದ್ದರು, ಜೇನು ಸಾಕುವ ಎಲ್ಲರೂ ಹಾಗೇ ಎಣಿಸುತ್ತಾರೆ. ಅಪ್ಪ ಇದ್ದಿದ್ದರೆ ಈ ಪದ ಕೇಳಿ ಎಷ್ಟು ಖುಷಿಪಡುತ್ತಿದ್ದರೋ. ಜಗಲಿಯ ಮೇಲೆ ಕೂತಲ್ಲೇ ನನ್ನ ಕಣ್ಣು ತುಂಬಿತು. ಪಕ್ಕದವರು ನೀರು ಕೊಟ್ಟರು.

ಊಟದ ಬಗ್ಗೆ ಹೇಳಲೇಬೇಕು. ಅಕ್ಕಿ ರೊಟ್ಟಿ, ಕೋಳಿ ಸಾರು, ಕಾಡುಮಾವಿನ ಗೊಜ್ಜು. ಗೊಜ್ಜಿಗೆ ಬೆಲ್ಲದ ಬದಲು ಆ ಖರ್ಜೂರದ ಪಾಕ ಹಾಕಿದ್ದರು. ತುಂಬಾ ಚೆನ್ನಾಗಿತ್ತು. ತರಕಾರಿ ಊಟದವರಿಗೆ ಹಲಸಿನಕಾಯಿ ಪಲ್ಯ ಇತ್ತು.

ಮಧ್ಯಾಹ್ನದ ಪಾಠ ‘ಯಅರ್’. ಇದರ ಅರ್ಥ ಕಾಡು. 1 ಸಮುವೇಲ 14ರಲ್ಲಿ ಸೈನಿಕರು ಹಸಿದುಕೊಂಡು ಯಅರ್‌ಗೆ ಬರುತ್ತಾರೆ, ಅಲ್ಲಿ ಜೇನು ತೊಟ್ಟಿಕ್ಕುತ್ತಿದೆ. ಸಂಜೆವರೆಗೆ ಯಾರೂ ಏನೂ ತಿನ್ನಬಾರದು ಎಂದು ರಾಜ ಸೌಲ ಆಣೆ ಇಟ್ಟಿದ್ದಾನೆ. ಅದು ಗೊತ್ತಿಲ್ಲದ ಅವನ ಮಗ ಯೋನಾತಾನ ಕೋಲಿನ ತುದಿಯನ್ನು ‘ಯಅರತ್ ಹದ್ವಶ್’ನಲ್ಲಿ, ಅಂದರೆ ಜೇನಿನ ಎರಿಯಲ್ಲಿ ಅದ್ದಿ ಬಾಯಿಗಿಟ್ಟ. ಅವನ ಕಣ್ಣು ಬೆಳಗಿದವು. ಕಾಡಿಗೂ ಎರಿಗೂ ಹೀಬ್ರೂವಿನಲ್ಲಿ ಅಕ್ಷರ ಒಂದೇ. ಪರಮಗೀತದಲ್ಲಿ ಒಂದು ಕಡೆ ‘ಯಅರಿ’ ಎಂದೇ ಇದೆ. ಅಲ್ಲಿ ಅದು ‘ನನ್ನ ಎರಿ’, ಆದರೆ ಬರೀ ಅಕ್ಷರ ನೋಡಿದರೆ ‘ನನ್ನ ಕಾಡು’ ಎಂದೂ ಓದಬಹುದು. ಹಾಡಿಯ ಹಿರಿಯರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಡು ಇದ್ರೆ ತಾನೇ ಎರಿ” ಎಂದರು. ಎರಿಯನ್ನು ಪೂರ್ತಿ ಕೊಯ್ಯಬಾರದು, ಮರಿ ಇರುವ ಭಾಗ ಬಿಡಬೇಕು ಎಂದು ಅವರು ಹೇಳಿದ ಮೇಲೆ ಟೀಚರ್ ಜ್ಞಾನೋಕ್ತಿ 25 ತೆರೆದರು. ಜೇನು ಸಿಕ್ಕಿತಾ, ಬೇಕಾದಷ್ಟೇ ತಿನ್ನು, ಜಾಸ್ತಿ ತಿಂದರೆ ಕಾರಿಕೊಳ್ಳುತ್ತೀ ಎಂದು ಅಲ್ಲಿದೆ. ನನ್ನ ಪ್ರಕಾರ ಇಡೀ ದಿನದಲ್ಲಿ ಅತ್ಯುತ್ತಮ ಹೊತ್ತು ಇದೇ. ಬೇರೆ ಬೇರೆ ಕಡೆಯಿಂದ ಬಂದ ಇಬ್ಬರಿಗೆ ಒಂದೇ ವಿಷಯ ಗೊತ್ತಿತ್ತು.

ಅಕ್ಷರಗಳ ವಿಷಯದಲ್ಲಿ ಟೀಚರ್ ತುಂಬಾ ಎಚ್ಚರ. ದೆವೋರಾ, ‘ದಾವಾರ್’ ಅಂದರೆ ಮಾತು, ‘ಮಿದ್ಬಾರ್’ ಅಂದರೆ ಮರಳುಗಾಡಿನಂಥ ಒಣ ಮೇವಿನ ನಾಡು, ಈ ಮೂರರಲ್ಲೂ ದಾಲೆತ್, ಬೇತ್, ರೇಶ್ ಎಂಬ ಅದೇ ಮೂರು ಅಕ್ಷರ ಇವೆ. ಆನ್‌ಲೈನ್ ಕೋರ್ಸಿನವರಾಗಿದ್ದರೆ ಇಲ್ಲಿಂದ ಒಂದು ದೊಡ್ಡ ಮಹಲು ಕಟ್ಟುತ್ತಿದ್ದರು. ಇವರು ಹೇಳಿದ್ದು ಇಷ್ಟೇ: ಅಕ್ಷರ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಎನ್ನಬೇಡಿ. ಆದರೆ ಹಾಡು ಕಟ್ಟಿದವರ ಕಿವಿಗೆ ಆ ಸದ್ದು ಕೇಳಿಸಿರಬಹುದು. ನಿನ್ನ ಮಾತು ನನ್ನ ಬಾಯಿಗೆ ಜೇನಿಗಿಂತ ಸಿಹಿ ಎಂದು 119ನೇ ಕೀರ್ತನೆ ಹೇಳುತ್ತದೆ. ಪ್ರವಾದಿ ಯೆಹೆಜ್ಕೇಲ ದೇವರ ಮಾತು ಬರೆದ ಸುರುಳಿಯನ್ನು ತಿಂದಾಗಲೂ ಅದೇ ರುಚಿ. ಸಂಖ್ಯೆಯ ವಿಷಯ ನಾನೇ ಕೇಳಿದೆ. ದೆವಶ್‌ನ ಅಕ್ಷರ ಕೂಡಿಸಿದರೆ 4, 2, 300, ಒಟ್ಟು 306. ‘ಅವ್ ಹರಹಮಾನ್’, ಕರುಣೆಯುಳ್ಳ ತಂದೆ ಎನ್ನುವುದರ ಲೆಕ್ಕವೂ 306. ಹೊಸ ವರ್ಷಕ್ಕೆ ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುವಾಗ ಕೆಲವು ಯೆಹೂದಿಗಳು ಇದನ್ನು ನೆನೆಯುತ್ತಾರಂತೆ. “ಇದು ಅವರ ಪ್ರೀತಿಯ ಸಂಪ್ರದಾಯ, ಗೌರವದಿಂದ ಕೇಳಿ. ಆದರೆ ಪದದ ಅರ್ಥ ಇದರಿಂದ ಹುಟ್ಟಲ್ಲ” ಎಂದರು. ಒಂದು ವಿಷಯ ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳುವ ಕಲಿಸುಗರು ಸಿಗುವುದು ಅಪರೂಪ.

ಬೈಬಲಿನ ನಾಲ್ಕನೇ ಪುಸ್ತಕಕ್ಕೆ ಹೀಬ್ರೂ ಹೆಸರು ‘ಬಮಿದ್ಬಾರ್’, ಮಿದ್ಬಾರ್‌ನಲ್ಲಿ ಎಂದು. ಇಂಗ್ಲಿಷಿನಲ್ಲಿ ಅದು ಎಣಿಕೆಯ ಪುಸ್ತಕ. ನಮ್ಮ ಕನ್ನಡದವರು ಅದಕ್ಕೆ ಅರಣ್ಯಕಾಂಡ ಎಂದು ಹೆಸರಿಟ್ಟು ಮೂಲಕ್ಕೆ ಹತ್ತಿರ ಹೋದರು. ಆದರೆ ನಮಗೆ ಅರಣ್ಯ ಎಂದರೆ ನಾಗರಹೊಳೆ ಕಣ್ಣಿಗೆ ಬರುತ್ತದೆ, ಅದಕ್ಕೆ ಟೀಚರ್ ಆ ಒಣ ನಾಡಿನ ಫೋಟೋ ತೋರಿಸಿದರು. ಅಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಸಿಕ್ಕ ಊಟವಾದ ಮನ್ನಕ್ಕೆ ಜೇನು ಹಾಕಿದ ದೋಸೆಯ ರುಚಿ ಇತ್ತು ಎಂದರೆ ಆ ಬರಡಿನಲ್ಲಿ ಅದೆಷ್ಟು ದೊಡ್ಡ ಮಾತು ಎಂದು ಆಗ ಗೊತ್ತಾಗುತ್ತದೆ.

ಕೊನೆಯಲ್ಲಿ ತೆಲ್ ರೆಹೋವ್. ಇಸ್ರೇಲಿನ ಜೋರ್ದಾನ್ ಕಣಿವೆಯ ಈ ಹಳೇ ಊರನ್ನು ಪುರಾತತ್ತ್ವಜ್ಞ ಅಮಿಹಾಯ್ ಮಜಾರ್ ಅವರ ತಂಡ ಅಗೆದು, 2007ರಲ್ಲಿ ಸುಮಾರು 30 ಜೇನುಗೂಡುಗಳನ್ನು ಪ್ರಕಟಿಸಿತು. ಮಣ್ಣು, ಹುಲ್ಲು ಕಲಸಿ ಮಾಡಿದ ಉದ್ದನೆ ಕೊಳವೆಗಳು, ಒಂದರ ಮೇಲೊಂದು ಸಾಲಾಗಿ. ಒಂದು ಕಡೆ ಹುಳ ಓಡಾಡಲು ಸಣ್ಣ ತೂತು, ಇನ್ನೊಂದು ಕಡೆ ತೆಗೆಯುವ ಮುಚ್ಚಳ. ಸುಮಾರು 2,900 ವರ್ಷ ಹಳೆಯದು. ಅಂದರೆ ಖರ್ಜೂರ ಮಾತ್ರವಲ್ಲ, ಆ ನಾಡಿನಲ್ಲಿ ಜೇನು ಸಾಕಣೆಯೂ ದೊಡ್ಡದಾಗಿ ನಡೆಯುತ್ತಿತ್ತು. ಫೋಟೋ ನೋಡಿ ನಾನು ಮೊದಲು ಹುಡುಕಿದ್ದು ಆ ತೂತನ್ನೇ. ನಮ್ಮಜ್ಜ ಮಡಕೆಗೆ ಕೊರೆಯುತ್ತಿದ್ದ ತೂತಿನ ಹಾಗೇ ಇತ್ತು.

ಕೊರತೆಗಳೂ ಇವೆ. ಕೊಟ್ಟ ಹಾಳೆಯಲ್ಲಿ ಹೀಬ್ರೂ ಪದಗಳ ಉಚ್ಚಾರ ಇಂಗ್ಲಿಷ್ ಅಕ್ಷರದಲ್ಲಿದೆ. ಕನ್ನಡದಲ್ಲಿ ಬರೆದಿದ್ದರೆ ಬಂದಿದ್ದ ಇಬ್ಬರು ಅಜ್ಜಿಯರಿಗೆ ಸುಲಭ ಆಗುತ್ತಿತ್ತು. ಹೇಳಿದ್ದೇನೆ, ಮುಂದಿನ ಸಲ ಬದಲಾಯಿಸುತ್ತೇವೆ ಎಂದಿದ್ದಾರೆ. ನಾಲ್ಕೂವರೆಗೆ ಮುಗಿಯಬೇಕಿದ್ದದ್ದು ಆರಕ್ಕೆ ಮುಗಿಯಿತು, ನನಗೆ ಕೊನೆಯ ಬಸ್ಸು ತಪ್ಪಿ ಜೀಪು ಹಿಡಿಯಬೇಕಾಯಿತು. ಮೂರು ಗಂಟೆಗೆ ಗುಡುಗು ಮಳೆ ಬಂದು ಕರೆಂಟ್ ಹೋಯಿತು, ಆ ಶಬ್ದದಲ್ಲಿ ಹಿಂದಿನ ಸಾಲಿಗೆ ಅರ್ಧ ಗಂಟೆ ಏನೂ ಕೇಳಿಸಲಿಲ್ಲ. ಧಾನ್ಯದ ಕಾಣಿಕೆಯ ಜೊತೆ ಜೇನನ್ನು ಸುಡಬಾರದು ಎಂದು ಯಾಜಕಕಾಂಡ 2ರಲ್ಲಿ ಇದೆಯಲ್ಲ, ಯಾಕೆ ಎಂಬ ಪ್ರಶ್ನೆ ಆ ಗಲಾಟೆಯಲ್ಲೇ ತೇಲಿಹೋಯಿತು. ಅದಕ್ಕೆ ಇನ್ನೊಂದು ಗಂಟೆ ಬೇಕಿತ್ತು.

ಯಾರು ಹೋಗಬಹುದು? ಕ್ರೈಸ್ತರೇ ಆಗಬೇಕೆಂದಿಲ್ಲ. ನಮ್ಮ ಜೊತೆ ಗೋಣಿಕೊಪ್ಪದ ಒಬ್ಬ ಕಾಲೇಜು ಮೇಷ್ಟ್ರು ಬಂದಿದ್ದರು, ಕನ್ನಡ ಕಲಿಸುವವರು. ಹಿಂದೆ ಯುರೋಪಿನ ಯೆಹೂದಿಗಳು ಮಕ್ಕಳಿಗೆ ಅಕ್ಷರ ಕಲಿಸುವ ಮೊದಲ ದಿನ ಅಕ್ಷರದ ಮೇಲೆ ಜೇನು ಸವರಿ ನೆಕ್ಕಿಸುತ್ತಿದ್ದರು ಎಂದು ಟೀಚರ್ ಹೇಳಿದಾಗ, ಅವರು ಅಕ್ಕಿಯ ಮೇಲೆ ಬೆರಳಿಟ್ಟು ಬರೆಸುವ ನಮ್ಮ ಅಕ್ಷರಾಭ್ಯಾಸದ ಬಗ್ಗೆ ಚೆನ್ನಾಗಿ ಮಾತಾಡಿದರು. ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇಡೀ ದಿನ ಕೂರುವುದು ಕಷ್ಟ.

ಮುಂದಿನ ತರಗತಿ ಮಳೆಗಾಲ ಕಳೆದ ಮೇಲೆ, ಪದ ‘ರೂಅಹ್’. ಗಾಳಿ, ಉಸಿರು, ಆತ್ಮ ಮೂರಕ್ಕೂ ಅದೇ ಪದ. ನಾನು ಆಗಲೇ ಹೆಸರು ಕೊಟ್ಟಿದ್ದೇನೆ. ಜಗಲಿಯಲ್ಲಿ ಹದಿನೈದು ಜನಕ್ಕಿಂತ ಜಾಸ್ತಿ ಹಿಡಿಸಲ್ಲ, ಬೇಗ ತಿಳಿಸಿ. ಬಸ್ಸಿನಲ್ಲಿ ಹೋಗುವವರು ಗೇಟಿನ ಹತ್ತಿರ ಇಳಿದು ಹತ್ತು ನಿಮಿಷ ತೋಟದ ದಾರಿಯಲ್ಲಿ ನಡೆಯಬೇಕು, ಆನೆ ಓಡಾಡುವ ಜಾಗ, ಫೋನ್ ಮಾಡಿದರೆ ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೆ. ಒಬ್ಬೊಬ್ಬರೇ ಹೋಗಬೇಡಿ. ಹೋಗುವಾಗ ಒಂದು ಸಣ್ಣ ಗಾಜಿನ ಬಾಟಲಿ ಇಟ್ಟುಕೊಂಡಿರಿ. ರುಚಿ ನೋಡಲು ಇಟ್ಟದ್ದರಲ್ಲಿ ಉಳಿದರೆ ಹಂಚುತ್ತಾರೆ. ನನಗೆ ಹೆಜ್ಜೇನು ಸಿಕ್ಕಿತು, ಸ್ವಲ್ಪ.